ತೊಲೆಯ ಮೇಲೆ ಉಳಿ, ಓಲೆಯ ಮೇಲೆ ಕಂಟ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಟ್ಟಿದ್ದು ತೀರ್ಥಹಳ್ಳಿ ಕಡೆಯ ಒಂದು ಬಡಗಿ ಮನೆಯಲ್ಲಿ, ಹೊಟ್ಟೆಪಾಡಿಗೆ ಮಾಡಿದ್ದು ಕನ್ನಡ ಮೇಷ್ಟ್ರ ಕೆಲಸ. (ಕಂಟ ಎಂದರೆ ತಾಳೆಗರಿಯ ಓಲೆಯ ಮೇಲೆ ಬರೆಯುವ ಮೊನಚು ಕಡ್ಡಿ.) ಯಾರು ಬರೆದರೆಂದು ಗೊತ್ತಿಲ್ಲದ ಬರಹ, ಯಾರು ಕಟ್ಟಿದರೆಂದು ಗೊತ್ತಿಲ್ಲದ ಮರದ ಮನೆ, ಈ ಎರಡರ ಹಿಂದೆಯೂ ಬಹಳ ವರ್ಷ ಓಡಾಡಿದ್ದೇನೆ. ಶಿವಮೊಗ್ಗ, ಸಾಗರ, ಹೊಸನಗರದ ಕಡೆಯ ಸಂಶೋಧನಾ ವಿದ್ಯಾರ್ಥಿಗಳು ಮತ್ತು ಹಳೇ ಮನೆಯ ವಾರಸುದಾರರು ಕೇಳುತ್ತ ಬಂದ ಪ್ರಶ್ನೆಗಳಿಗೆ ಉತ್ತರಗಳು ಇಲ್ಲಿವೆ.

ಮರಗೆಲಸಕ್ಕೂ ಕರ್ತೃತ್ವದ, ಅಂದರೆ ಬರೆದವರು ಯಾರೆಂಬುದರ ಅಧ್ಯಯನಕ್ಕೂ ಏನು ಸಂಬಂಧ?

ಎರಡರಲ್ಲೂ ಹುಡುಕುವುದು ಒಂದು ಕೈಯನ್ನು. ಆ ಕೈ ಸಿಗುವುದು ಚಂದಕ್ಕೆಂದು ಮಾಡಿದ ಕಡೆ ಅಲ್ಲ, ಯಾರೂ ನೋಡುವುದಿಲ್ಲ ಎಂದು ಮಾಡಿ ಬಿಟ್ಟ ಕಡೆ.

ಬಾಗಿಲ ದಾರಂದದ ಮೇಲಿನ ಬಳ್ಳಿ, ಹೂವು, ಗಿಳಿ ನೋಡಿ ಬಡಗಿಯನ್ನು ಗುರುತಿಸಲು ಹೋದರೆ ಮೋಸ ಹೋಗುತ್ತೀರಿ. ಆ ಬಳ್ಳಿಯನ್ನು ಮನೆ ಯಜಮಾನ ಪಕ್ಕದೂರಿನಲ್ಲಿ ನೋಡಿ ಬಂದು ‘ಅಂಥದ್ದೇ ಬೇಕು’ ಎಂದಿರುತ್ತಾನೆ. ಅದನ್ನು ಯಾರು ಬೇಕಾದರೂ ನಕಲು ಮಾಡಬಹುದು. ಆದರೆ ಅದೇ ದಾರಂದದ ಬೆನ್ನು, ಅಂದರೆ ಗೋಡೆಯೊಳಗೆ ಹುದುಗಿದ ಮುಖವನ್ನು ಎಷ್ಟು ಕೀಸಿದ್ದಾನೆ, ಬೆಣೆಯನ್ನು ಯಾವ ಕಡೆಯಿಂದ ಹೊಡೆದಿದ್ದಾನೆ, ತೂತಿನ ಮೂಲೆಯನ್ನು ಚೊಕ್ಕ ಮಾಡಿದ್ದಾನೋ ಬಿಟ್ಟಿದ್ದಾನೋ ಎಂಬುದನ್ನು ನಕಲು ಮಾಡುವ ಗೋಜಿಗೆ ಯಾರೂ ಹೋಗುವುದಿಲ್ಲ.

ಬರಹದಲ್ಲೂ ಹಾಗೇ. ಉಪಮೆ, ಗಾದೆ, ದೊಡ್ಡ ಪದಗಳನ್ನು ಅನುಕರಿಸುವುದು ಸುಲಭ. ‘ಆದರೆ’ ಎನ್ನುವವರು ಯಾರು, ‘ಆದರೂ’ ಎನ್ನುವವರು ಯಾರು, ‘ಎಂದು’ ಬರೆಯುವವರು ಯಾರು, ‘ಎಂಬುದಾಗಿ’ ಬರೆಯುವವರು ಯಾರು, ಅದು ಬರೆಯುವವರಿಗೇ ಗೊತ್ತಿರುವುದಿಲ್ಲ. ಚಿತ್ರಕಲೆಯಲ್ಲಿ ಇದನ್ನೇ 1870ರ ದಶಕದಲ್ಲಿ ಇಟಲಿಯ ಜೊವಾನಿ ಮೊರೆಲ್ಲಿ ಹೇಳಿದರು. ಮುಖಭಾವ ನೋಡಬೇಡಿ, ಕಲಾವಿದ ಕಿವಿಯನ್ನೂ ಉಗುರನ್ನೂ ಹೇಗೆ ಬಿಡಿಸುತ್ತಾನೆ ನೋಡಿ ಎಂಬುದು ಅವರ ದಾರಿ. ವೈದ್ಯಕೀಯ ಓದಿದ್ದ ಮನುಷ್ಯನಿಗೆ ಹೊಳೆಯುವಂಥದ್ದೇ ಅದು.

ಕರ್ತೃತ್ವವನ್ನು ಎಣಿಕೆಯಿಂದ ಹುಡುಕುವುದು ಕಂಪ್ಯೂಟರ್ ಬಂದ ಮೇಲೆ ಶುರುವಾದದ್ದೇ?

ಅಲ್ಲ. ಭಾಷೆಯ ಸಾಕ್ಷ್ಯದಿಂದ ಒಂದು ದಾಖಲೆ ಸುಳ್ಳು ಎಂದು ತೋರಿಸಿದ ದೊಡ್ಡ ಉದಾಹರಣೆ 1440ರದು. ಕಾನ್‌ಸ್ಟಂಟೈನ್ ಚಕ್ರವರ್ತಿ ಪೋಪ್‌ಗೆ ಬರೆದುಕೊಟ್ಟನೆಂದು ನಂಬಿದ್ದ ದಾನಪತ್ರದ ಲ್ಯಾಟಿನ್ ಅವನ ಕಾಲದ್ದಲ್ಲ ಎಂದು ಲೊರೆಂಜೊ ವಲ್ಲಾ ತೋರಿಸಿದರು. 1887ರಲ್ಲಿ ಅಮೆರಿಕದ ಮೆಂಡೆನ್‌ಹಾಲ್ ಪದಗಳ ಉದ್ದವನ್ನು ಎಣಿಸಿ ಲೇಖಕರಿಗೊಂದು ‘ಗೆರೆ’ ಬಿಡಿಸಲು ಹೊರಟರು. ಅದು ಅಷ್ಟೇನೂ ಕೈಹಿಡಿಯಲಿಲ್ಲ.

ನಿಜವಾಗಿ ನಿಂತದ್ದು ಸಂಖ್ಯಾಶಾಸ್ತ್ರಜ್ಞರಾದ ಮೊಸ್ಟೆಲ್ಲರ್ ಮತ್ತು ವಾಲೆಸ್ 1964ರಲ್ಲಿ ಪ್ರಕಟಿಸಿದ ಕೆಲಸ. ಅಮೆರಿಕದ ಸಂವಿಧಾನದ ಪರವಾಗಿ 1787–88ರಲ್ಲಿ ಒಂದೇ ಗುಪ್ತನಾಮದಲ್ಲಿ 85 ಲೇಖನಗಳು ಬಂದಿದ್ದವು. ಅವುಗಳಲ್ಲಿ 12 ಹ್ಯಾಮಿಲ್ಟನ್ನರದೋ ಮ್ಯಾಡಿಸನ್ನರದೋ ಎಂಬ ವಿವಾದ ಇತ್ತು. ಇವರಿಬ್ಬರು ಸಂಶೋಧಕರು ವಿಷಯದ ಪದಗಳನ್ನು ಬಿಟ್ಟು ಸಣ್ಣ ಪದಗಳನ್ನು ಎಣಿಸಿದರು. ‘ಅಪಾನ್’ (upon, ‘ಮೇಲೆ’) ಎಂಬ ಪದವನ್ನು ಹ್ಯಾಮಿಲ್ಟನ್ ಸಾವಿರ ಪದಕ್ಕೆ ಸುಮಾರು ಮೂರು ಸಲ ಬಳಸುತ್ತಿದ್ದರು, ಮ್ಯಾಡಿಸನ್ ಬಳಸುತ್ತಲೇ ಇರಲಿಲ್ಲ ಎನ್ನಬಹುದು. ಹನ್ನೆರಡೂ ಮ್ಯಾಡಿಸನ್ ಕಡೆಗೆ ವಾಲಿದವು.

ನಮಗೆ ಇನ್ನೂ ಹತ್ತಿರದ ಉದಾಹರಣೆ ಕೌಟಿಲ್ಯನದೆನ್ನುವ ಅರ್ಥಶಾಸ್ತ್ರದ್ದು. ಅದರ ಓಲೆಪ್ರತಿ ಮೈಸೂರಿನಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿತ್ತು, 1909ರಲ್ಲಿ ಅಚ್ಚಾಯಿತು. 1971ರಲ್ಲಿ ಥಾಮಸ್ ಟ್ರೌಟ್‌ಮನ್ ಅದರಲ್ಲಿ ‘ಚ’, ‘ವಾ’, ‘ಏವ’, ‘ಏವಂ’, ‘ತತ್ರ’ದಂಥ ಸಣ್ಣ ಸಂಸ್ಕೃತ ಪದಗಳು ಭಾಗದಿಂದ ಭಾಗಕ್ಕೆ ಎಷ್ಟು ಏರಿಳಿಯುತ್ತವೆ ಎಂದು ಎಣಿಸಿ, ಅದು ಒಬ್ಬನೇ ಬರೆದದ್ದಲ್ಲ ಎಂಬ ತೀರ್ಮಾನಕ್ಕೆ ಬಂದರು. ವಾದ ಅಲ್ಲಿಗೆ ಮುಗಿದಿಲ್ಲ. ಆದರೆ ‘ಚ’ ಎಂಬ ಒಂದಕ್ಷರ ಸಾಕ್ಷಿ ಹೇಳಬಲ್ಲದು ಎಂಬುದನ್ನು ನಾನು ಮೊದಲು ತಿಳಿದದ್ದು ಅಲ್ಲಿ.

ಇಂಗ್ಲಿಷಿಗೆ ಮಾಡಿದ ಲೆಕ್ಕ ಕನ್ನಡಕ್ಕೆ ನಡೆಯುತ್ತದೆಯೇ?

ನೇರವಾಗಿ ಎತ್ತಿ ತಂದರೆ ನಡೆಯುವುದಿಲ್ಲ. ಇಲ್ಲಿ ತುಂಬ ಜನ ವಿದ್ಯಾರ್ಥಿಗಳು ಆರು ತಿಂಗಳು ಕಳೆದುಕೊಳ್ಳುತ್ತಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

‘ಮನೆಯೊಳಗಿದ್ದವನಿಗೂ’ ಎಂಬುದನ್ನು ನೋಡಿ. ಜಾಗ ಬಿಟ್ಟು ಬರೆಯುವ ಲೆಕ್ಕದಲ್ಲಿ ಇದು ಒಂದು ಪದ. ಒಳಗೆ ಮನೆ ಇದೆ, ಒಳಗು ಇದೆ, ಇದ್ದ ಇದೆ, ಅವನು ಇದ್ದಾನೆ, ‘ಗೆ’ ಇದೆ, ಕೊನೆಗೊಂದು ‘ಊ’ ಇದೆ. ನಾವು ಹುಡುಕುವ ಸಣ್ಣ ಪದಗಳು ಇಂಗ್ಲಿಷಿನಲ್ಲಿ ಬಿಡಿಬಿಡಿಯಾಗಿ ನಿಂತಿರುತ್ತವೆ. ಕನ್ನಡದಲ್ಲಿ ಅವು ಪದದ ಬಾಲಕ್ಕೆ ಅಂಟಿಕೊಂಡಿರುತ್ತವೆ. ಹಾಗಾಗಿ ಸಂಧಿ ಬಿಡಿಸಿ ಪ್ರತ್ಯಯಗಳನ್ನು ಎಣಿಸಬೇಕು, ಇಲ್ಲವೇ ಪದ ಎಂಬ ಅಳತೆಯನ್ನೇ ಬಿಟ್ಟು ಎರಡು–ಮೂರು ಅಕ್ಷರಗಳ ತುಣುಕುಗಳನ್ನು ಎಣಿಸಬೇಕು. ಎರಡನೆಯ ದಾರಿ ಹಿಡಿದರೆ ಇನ್ನೊಂದು ಎಚ್ಚರಿಕೆ ಬೇಕು. ‘ಸ್ತ್ರೀ’ ನಮಗೆ ಒಂದಕ್ಷರ, ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯುನಿಕೋಡ್‌ಗೆ ಆರು ಸಂಕೇತ. ತಂತ್ರಾಂಶಕ್ಕೆ ಇದನ್ನು ಮೊದಲೇ ಹೇಳದಿದ್ದರೆ ಅದು ಒತ್ತಕ್ಷರಗಳನ್ನು ನಡುವೆ ಕತ್ತರಿಸಿ ಎಣಿಸುತ್ತದೆ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಕಡತಗಳನ್ನು ಯುನಿಕೋಡ್‌ಗೆ ತಿರುಗಿಸುವಾಗ ಅರ್ಕಾವತ್ತು ಎಲ್ಲಿಗೋ ಹಾರಿ ಕೂತಿರುತ್ತದೆ. ಅದನ್ನು ಕಣ್ಣಿನಿಂದಲೇ ತಿದ್ದಬೇಕು, ಬೇರೆ ಉಪಾಯ ನನಗೆ ಸಿಕ್ಕಿಲ್ಲ.

ನನ್ನ ಅನುಭವದಲ್ಲಿ ಗದ್ಯದಲ್ಲಿ ತುಂಬ ಮಾತಾಡುವ ಗುರುತು ‘ಮತ್ತು’. ‘ಅಕ್ಕಿಯೂ ಬೆಲ್ಲವೂ’ ಎಂದು ಬರೆಯುವ ಕೈ ಬೇರೆ, ‘ಅಕ್ಕಿ ಮತ್ತು ಬೆಲ್ಲ’ ಎಂದು ಬರೆಯುವ ಕೈ ಬೇರೆ, ‘ಅಕ್ಕಿ, ಬೆಲ್ಲ’ ಎಂದು ಬರೀ ಅಲ್ಪವಿರಾಮ ಹಾಕಿ ಮುಂದೆ ಹೋಗುವ ಕೈ ಬೇರೆ. ಒಬ್ಬ ಲೇಖಕರು ಹತ್ತು ವರ್ಷದಲ್ಲಿ ವಿಷಯ ಬದಲಿಸಿದರೂ ಈ ಅಭ್ಯಾಸ ಬದಲಿಸಿದ್ದನ್ನು ನಾನು ಕಂಡದ್ದು ಕಡಿಮೆ.

ಪದ್ಯದ ಕಷ್ಟ ಬೇರೆಯೇ. ದ್ವಿತೀಯಾಕ್ಷರ ಪ್ರಾಸ ಕಡ್ಡಾಯ ಇದ್ದಾಗ ಕವಿ ಆ ಪದವನ್ನು ಆರಿಸಿದನೋ, ಪ್ರಾಸ ಆರಿಸಿತೋ? ಕಂದ ಎಂಬ ಪದ್ಯಜಾತಿಯಲ್ಲಿ ಒಂದು ಮಾತ್ರೆ ತುಂಬಲು ಬಂದ ‘ಆ’ ಅವನ ಶೈಲಿಯೇ? ಕಂದವನ್ನು ಕಂದದ ಜೊತೆ, ಷಟ್ಪದಿಯನ್ನು ಷಟ್ಪದಿಯ ಜೊತೆ ಮಾತ್ರ ಹೋಲಿಸಿ. ಛಂದಸ್ಸು ಬೆರೆಸಿದರೆ ನೀವು ಎಣಿಸುವುದು ಛಂದಸ್ಸನ್ನೇ ಹೊರತು ಕವಿಯನ್ನಲ್ಲ.

ವಚನಕ್ಕೆ ಅಂಕಿತ ಇದೆಯಲ್ಲ, ಮತ್ತೆ ಸಂಶಯ ಏಕೆ?

ಅಂಕಿತ ಎಂದರೆ ವಚನದ ಕೊನೆಗೆ ಬರುವ ಒಂದು ಹೆಸರು, ಹೆಸರನ್ನು ಯಾರು ಬೇಕಾದರೂ ಹಾಕಬಹುದು. ಅಲ್ಲಮನ ಬಳ್ಳಿಗಾವಿಯೂ ಅಕ್ಕಮಹಾದೇವಿಯ ಉಡುತಡಿಯೂ ನಮ್ಮ ಶಿಕಾರಿಪುರ ತಾಲ್ಲೂಕಿನವು. ಅವರು ಬದುಕಿದ್ದು 12ನೇ ಶತಮಾನದಲ್ಲಿ. ವಚನಗಳನ್ನು ದೊಡ್ಡ ಪ್ರಮಾಣದಲ್ಲಿ ಕೂಡಿಸಿ ಬರೆದಿಟ್ಟದ್ದು 15ನೇ ಶತಮಾನದ ಹೊತ್ತಿಗೆ. ನಡುವಿನ ಮುನ್ನೂರು ವರ್ಷದಲ್ಲಿ ‘ಚೆನ್ನಮಲ್ಲಿಕಾರ್ಜುನ’ ಎಂದು ಮುಗಿಸಿದ ಕೈಗಳು ಎಷ್ಟೋ. ಹಾಗೆ ಸೇರಿಸಿದವರನ್ನು ಕಳ್ಳರೆನ್ನಲು ನನಗೆ ಮನಸ್ಸಿಲ್ಲ. ಭಕ್ತಿಯಿಂದ ಇನ್ನೊಬ್ಬರ ದನಿಯಲ್ಲಿ ಹಾಡುವುದು ಅಂದಿನವರಿಗೆ ತಪ್ಪಾಗಿ ಕಂಡಿರಲಾರದು.

ಹೆಸರು ಉಲ್ಟಾ ಕೆಲಸವನ್ನೂ ಮಾಡುತ್ತದೆ. ನಂದಳಿಕೆಯ ಲಕ್ಷ್ಮೀನಾರಣಪ್ಪ ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದವರು. ತಾವೇ ಬರೆದ ಕಾವ್ಯವನ್ನು ಹಳೆಯ ಕವಿಯದೆಂದು ಹೇಳಿ ಮೈಸೂರಿಗೆ ಕಳಿಸಿದರು. ಅಚ್ಚಾಯಿತು, ಹಳಗನ್ನಡವೆಂದು ಜನ ಓದಿದರು. 1901ರಲ್ಲಿ, ಮೂವತ್ತೊಂದರ ವಯಸ್ಸಿಗೇ, ಅವರು ತೀರಿಕೊಂಡರು. ಮುದ್ದಣ ಎಂದರೆ ಇವರೇ ಎಂದು ನಾಡಿಗೆಲ್ಲ ತಿಳಿದದ್ದು ಆಮೇಲೆ. ಇದನ್ನು ಪಾಠ ಮಾಡುವಾಗ ಪ್ರತಿ ಸಲ ನನ್ನ ಗಂಟಲು ಕಟ್ಟುತ್ತಿತ್ತು.

ಕವಿರಾಜಮಾರ್ಗ ನೃಪತುಂಗನದೋ ಶ್ರೀವಿಜಯನದೋ ಎಂದು ಲೆಕ್ಕ ಹಾಕಿ ಹೇಳಬಹುದೇ?

ಆಗುವುದಿಲ್ಲ. ಸುಮಾರು ಕ್ರಿ.ಶ. 850ರ ಈ ಕೃತಿ ತನ್ನನ್ನು ‘ನೃಪತುಂಗದೇವಾನುಮತ’ ಎಂದು ಕರೆದುಕೊಳ್ಳುತ್ತದೆ. ಅನುಮತ ಎಂದರೆ ಒಪ್ಪಿದ್ದು, ಬರೆದದ್ದಲ್ಲ. ಹೀಗಾಗಿ ಈಗ ಹೆಚ್ಚಿನ ವಿದ್ವಾಂಸರು ರಾಜನ ಕಡೆ ಅಲ್ಲ, ಅವನ ಆಸ್ಥಾನದ ಕವಿ ಶ್ರೀವಿಜಯನ ಕಡೆಗಿದ್ದಾರೆ, ನಾನೂ ಆ ಕಡೆಯೇ. ಆದರೆ ಎಣಿಕೆಯಿಂದ ತೀರ್ಮಾನಿಸಬೇಕಾದರೆ ಹೋಲಿಸಲು ಇಬ್ಬರದೂ ಬೇರೆ ಕನ್ನಡ ಕೃತಿ ಕೈಯಲ್ಲಿರಬೇಕು. ಎರಡೂ ಕಡೆ ಇಲ್ಲ. ಬೆರಳಚ್ಚು ಸಿಕ್ಕಿದೆ, ಹೋಲಿಸಲು ಬೆರಳಿಲ್ಲ.

ಎಷ್ಟು ಬರಹ ಇದ್ದರೆ ಸಾಕು?

ಕೆಲವು ಸಾವಿರ ಪದ. ಒಂದು ಪತ್ರ, ಒಂದು ವಚನ, ಒಂದು ವಾಟ್ಸಾಪ್ ಸಂದೇಶ ತಂದು ‘ಇದು ಯಾರದು ಹೇಳಿ’ ಎಂದರೆ ಹೇಳಲಾಗದು. ಯಂತ್ರ ಬರೆದದ್ದೋ ಮನುಷ್ಯರು ಬರೆದದ್ದೋ ಎಂದು ಕೇಳುವವರಿಗೂ ಇದೇ ಉತ್ತರ. ಚಿಕ್ಕ ಬರಹ ಹಿಡಿದು ಒಬ್ಬ ವಿದ್ಯಾರ್ಥಿಯ ಮೇಲೆ ಆರೋಪ ಹೊರಿಸುವುದು ಅನ್ಯಾಯ.

ನಮ್ಮ ತೊಟ್ಟಿಮನೆಗೆ ಮುನ್ನೂರು ವರ್ಷ ಎನ್ನುತ್ತಾರೆ. ಪರೀಕ್ಷೆ ಮಾಡಿಸಬಹುದೇ?

ಮಾಡಿಸಬಹುದು, ಆದರೆ ಮರ ಎಷ್ಟು ಹಳೆಯದು, ಮನೆ ಎಷ್ಟು ಹಳೆಯದು ಎಂಬುವು ಎರಡು ಬೇರೆ ಪ್ರಶ್ನೆಗಳು.

ತೇಗದಲ್ಲಿ ವರ್ಷಕ್ಕೊಂದು ಉಂಗುರ ಸ್ಪಷ್ಟವಾಗಿ ಬೀಳುತ್ತದೆ. ಮಳೆ ಚೆನ್ನಾಗಿ ಆದ ವರ್ಷ ಅಗಲ, ಬರ ಬಂದ ವರ್ಷ ಕಿರಿದು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ಸಂಶೋಧಕರು ಕೇರಳದ ತೇಗದ ಮರಗಳಿಂದ 523 ವರ್ಷಗಳ ಉಂಗುರದ ದಾಖಲೆ ಕಟ್ಟಿ 2010ರಲ್ಲಿ ಪ್ರಕಟಿಸಿದ್ದಾರೆ. ತತ್ವದಲ್ಲಿ ನಿಮ್ಮ ತೇಗದ ತೊಲೆಯ ಉಂಗುರಗಳನ್ನು ಅಂಥ ದಾಖಲೆಯ ಪಕ್ಕ ಇಟ್ಟು ಹೊಂದಿಸಬಹುದು. ಆದರೆ ಮಲೆನಾಡಿನ ಎಷ್ಟೋ ಮನೆಗಳ ಕಂಬ ಹಲಸು, ತೊಲೆ ಇನ್ಯಾವುದೋ ಕಾಡುಮರ. ಹಲಸಿನಲ್ಲಿ ಆ ಉಂಗುರ ಅಷ್ಟು ನಿಚ್ಚಳ ಕಾಣುವುದಿಲ್ಲ. ಇನ್ನೊಂದು ತೊಡಕೆಂದರೆ, ಒಳ್ಳೆಯ ಬಡಗಿ ಹೊರಗಿನ ಬಿಳಿ ಭಾಗವನ್ನೆಲ್ಲ ಕೆತ್ತಿ ತೆಗೆದು ಒಳಗಿನ ಗಟ್ಟಿ ಚೇಗನ್ನು ಮಾತ್ರ ಉಳಿಸಿಕೊಳ್ಳುತ್ತಾನೆ. ಮರ ಕಡಿದ ವರ್ಷದ ಉಂಗುರ ಇರುವುದು ಅವನು ಕೆತ್ತಿ ಎಸೆದ ಆ ಬಿಳಿಯ ಅಂಚಿನಲ್ಲೇ.

ಮರದಲ್ಲಿ ಉಳಿದ ವಿಕಿರಣಶೀಲ ಇಂಗಾಲ ಅಳೆದು ವಯಸ್ಸು ಹೇಳುವ ಇಂಗಾಲ–14 ಪರೀಕ್ಷೆ ಮಾಡಿಸಿ ಎಂದು ಯಾರಾದರೂ ಹೇಳಿದರೆ ದುಡ್ಡು ಕೊಡುವ ಮೊದಲು ಒಂದು ತಿಳಿದಿರಲಿ. ಸುಮಾರು 1650ರಿಂದ ಈಚಿನ ಮೂರು ಶತಮಾನಕ್ಕೆ ಆ ವಿಧಾನ ಒಂದು ನಿಖರ ಇಸವಿ ಕೊಡುವುದಿಲ್ಲ, ನಾಲ್ಕೈದು ಸಾಧ್ಯತೆಗಳನ್ನು ಹರಡಿ ಕೊಡುತ್ತದೆ. ನಮ್ಮ ಮನೆಗಳೆಲ್ಲ ಬೀಳುವುದು ಆ ಕಾಲದಲ್ಲೇ.

ಮುಳುಗಡೆಯ ಮಾತನ್ನೂ ಮರೆಯಬೇಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಶರಾವತಿ ಕಣಿವೆಯ ಊರುಗಳನ್ನು ಬಿಟ್ಟು ಬಂದವರು ಮನೆಯ ಕಂಬ, ತೊಲೆ, ಬಾಗಿಲುಗಳನ್ನು ಬಿಚ್ಚಿ ಹೊತ್ತು ತಂದರು. ಸಾಗರದ ಕಡೆ ನಾನು ನೋಡಿದ ಒಂದು ಮನೆಯಲ್ಲಿ ಕಂಬದ ಸೊಂಟದ ಎತ್ತರದಲ್ಲಿ, ಏನೂ ಕೂರಿಸದ ಒಂದು ತೂತಿತ್ತು. ಈ ಮನೆಯಲ್ಲಿ ಅದಕ್ಕೆ ಕೆಲಸವೇ ಇಲ್ಲ. ಮನೆಯ ಅಜ್ಜಿ ಅದರೊಳಗೆ ಬೆರಳಿಟ್ಟು, “ಇದು ಆ ಮನೇಲಿ ತೊಟ್ಟಿಲ ಕಡೆ ಇತ್ತು ಕಣಪ್ಪ” ಎಂದರು. ಆ ಕಂಬದ ವಯಸ್ಸು ಅಳೆದು ಈಗಿನ ಮನೆಯ ವಯಸ್ಸು ಹೇಳುವುದು ಹೇಗೆ?

ಖರ್ಚಿಲ್ಲದ ದಾರಿಗಳನ್ನು ಮೊದಲು ಮುಗಿಸಿ. ಮಂಗಳೂರು ಹಂಚಿನ ಕಾರ್ಖಾನೆ ಬಾಸೆಲ್ ಮಿಷನ್ನಿನವರು ಶುರುಮಾಡಿದ್ದು 1865ರಲ್ಲಿ. ಆ ಹಂಚಿನ ತೂಕಕ್ಕೂ ಅಳತೆಗೂ ಸರಿಯಾಗಿಯೇ ಹಂಚು ಹೊರುವ ಪಕಾಸು, ರೀಪುಗಳನ್ನು ಮೊದಲಿನಿಂದ ಹೊಂದಿಸಿದ್ದರೆ ಮನೆಯ ಮಾಡು (ಸೂರು) ಅದಕ್ಕಿಂತ ಹಿಂದಿನದಲ್ಲ. ಅದಕ್ಕೂ ಮೊದಲು ನಾಡಹಂಚು ಅಥವಾ ಸೋಗೆ. ಹಲಗೆಯ ಮೇಲೆ ಬಿಲ್ಲಿನ ಹಾಗೆ ಬಾಗಿದ ಗೆರೆಗಳಿದ್ದರೆ ಅದು ಯಂತ್ರದ ದುಂಡು ಗರಗಸ. ನೇರ ಗೆರೆಗಳು ಅಲ್ಲಲ್ಲಿ ಓರೆಯಾಗಿದ್ದರೆ ಮೇಲೊಬ್ಬ ಕೆಳಗೊಬ್ಬ ನಿಂತು ಎಳೆದದ್ದು.

ಮರ ಯಾವುದೆಂದು ಖಚಿತ ಮಾಡಿಕೊಳ್ಳುವುದು ಹೇಗೆ?

ಹಳೇ ಆಚಾರ್ರು ಮೂಸಿ, ಉಗುರು ಒತ್ತಿ ಹೇಳುತ್ತಿದ್ದರು, ಬಹುಪಾಲು ಸರಿಯಾಗಿರುತ್ತಿತ್ತು. ಪ್ರಬಂಧಕ್ಕೆ ಅದು ಸಾಲದು. ಬೆಂಕಿಪೆಟ್ಟಿಗೆಯಷ್ಟು ತುಂಡಿನ ಅಡ್ಡಸೀಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರದ ವಿಜ್ಞಾನಕ್ಕೆಂದೇ ಕೇಂದ್ರ ಸರ್ಕಾರದ ಸಂಸ್ಥೆ ಇದೆ. ಬೀಟೆ, ತೇಗ ಎಂದು ಗೊತ್ತಾದರೆ ಸಾಗಣೆಗೆ ಅರಣ್ಯ ಇಲಾಖೆಯ ಕಾಗದಪತ್ರ ಮೊದಲೇ ವಿಚಾರಿಸಿಕೊಳ್ಳಿ. ಬೀಟೆಯ ಕುಲ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣದಲ್ಲೂ ಇದೆ.

ಬಡಗಿ ಯಾರೆಂದು ಗುರುತಿಸಲು ನಿಜಕ್ಕೂ ಸಾಧ್ಯವೇ?

ಹೆಸರು ಸಿಗುವುದು ಅಪರೂಪ. ಕಲ್ಲಿನಲ್ಲಿ ಕೆಲಸ ಮಾಡಿದವರು ಹೆಸರು ಕೊರೆದಿದ್ದಾರೆ. 1117ರ ಬೇಲೂರಿನ ದೇವಾಲಯದಲ್ಲಿ ನಮ್ಮ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣರ ಹೆಸರು ಇಂದಿಗೂ ಓದಲು ಸಿಗುತ್ತದೆ. ಮರದಲ್ಲಿ ಹಾಗೆ ಕೊರೆದದ್ದನ್ನು ನಾನು ಒಂದೂ ಕಂಡಿಲ್ಲ. ಆದರೆ ‘ಈ ಎರಡು ಮನೆ ಕಟ್ಟಿದ್ದು ಒಂದೇ ಕೈ’ ಎಂದು ಹೇಳುವಷ್ಟು ಸಾಕ್ಷ್ಯ ಸಿಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯ ಒಂದು ಮನೆ, ಆಷಾಢದ ಮಳೆ. ಅಟ್ಟ ಹತ್ತಿ, ಹೊಗೆಗೆ ಕಪ್ಪಾದ ತೊಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಟಾರ್ಚನ್ನು ಎದುರಿಗೆ ಹಿಡಿದರೆ ಏನೂ ಕಾಣಲಿಲ್ಲ. ತೊಲೆಯ ಮೈಗೆ ಒತ್ತಿ ಅಡ್ಡಡ್ಡ ಬೆಳಕು ಬಿಟ್ಟಾಗ ಬಾಚಿಯ ಏಟುಗಳು ಮೀನಿನ ಹುರುಪೆಯ ಹಾಗೆ ಎದ್ದು ನಿಂತವು. ಪ್ರತಿ ಏಟಿನ ಬಲ ಅಂಚಿನಿಂದ ಒಂದು ಬೆರಳು ಒಳಗೆ ಕೂದಲೆಳೆಯಷ್ಟು ಉಬ್ಬಿದ ಗೆರೆ. ಬಾಚಿಯ ಬಾಯಲ್ಲಿ ಅಲ್ಲೊಂದು ಸಣ್ಣ ಹಲ್ಲು ಮುರಿದಿತ್ತು, ಅಷ್ಟೇ. ಆ ಮುರುಕು ಪ್ರತಿ ಏಟಿಗೂ ತನ್ನ ಗೆರೆ ಬಿಟ್ಟು ಹೋಗಿದೆ. ಅರ್ಧ ತೊಲೆ ದಾಟಿದ ಮೇಲೆ ಗೆರೆ ನಿಂತುಹೋಗಿತ್ತು. ಅಲ್ಲಿಗೆ ಬಂದಾಗ ಅವನು ಬಾಚಿ ಮಸೆದಿದ್ದಾನೆ.

ಮಸೆದರೆ ಗುರುತು ಅಳಿಯುತ್ತದೆ, ಹಾಗಾಗಿ ಇದು ಮನೆಯಿಂದ ಮನೆಗೆ ದಾಟುವ ಸಾಕ್ಷ್ಯ ಅಲ್ಲ. ಒಂದೇ ಮನೆಯಲ್ಲಿ ಯಾವ ತೊಲೆ ಯಾವುದರ ಹಿಂದೆ ಕೆತ್ತಿದ್ದು ಎಂದು ಹೇಳುತ್ತದೆ. ಮನೆಯಿಂದ ಮನೆಗೆ ದಾಟುವುದು ಅಭ್ಯಾಸ. ಬೆಣೆ ಚೌಕವೋ ದುಂಡೋ, ಕಂಬದ ತಲೆಯ ಬೋದಿಗೆಯ ಮೇಲೆ ತೊಲೆ ಕೂರುವ ತಗ್ಗು ಎಷ್ಟು ಆಳ, ಯಾವ ತುಂಡು ಎಲ್ಲಿಗೆ ಎಂದು ಗೊತ್ತಾಗಲು ಎರಡು ಬದಿಗೂ ಉಳಿಯಿಂದ ಹಾಕಿದ ಗುರುತು ಗೀಟೋ ಚುಕ್ಕಿಯೋ. ಇವನ್ನೆಲ್ಲ ಪಟ್ಟಿ ಮಾಡಿ ಹತ್ತು ಮನೆಗೆ ಎಣಿಸಿದರೆ, ‘ಮತ್ತು’ ಎಣಿಸಿದ ಹಾಗೆಯೇ ಗುಂಪುಗಳು ಬೇರೆಯಾಗುತ್ತವೆ. ಆದರೆ ಮಗ ಅಪ್ಪನಿಂದ ಕಲಿತಿರುತ್ತಾನೆ, ಶಿಷ್ಯ ಗುರುವಿನಿಂದ. ನಮಗೆ ಸಿಗುವುದು ಹಲವು ಸಲ ಒಬ್ಬ ಮನುಷ್ಯ ಅಲ್ಲ, ಒಂದು ಮನೆತನ. ಓಲೆಪ್ರತಿಯಲ್ಲೂ ಕವಿಯ ಮೇಲೆ ಲಿಪಿಕಾರನ ಅಭ್ಯಾಸ ಹೀಗೆಯೇ ಕೂತಿರುತ್ತದೆ. ಮೂಲದಲ್ಲಿದ್ದ ಹಳಗನ್ನಡದ ೞ ಮತ್ತು ಱ ಅಕ್ಷರಗಳನ್ನು ತನ್ನ ಕಾಲಕ್ಕೆ ತಕ್ಕಂತೆ ಬದಲಿಸಿದ ಕೈ ಅವನದು.

ಈ ಕಾಲಕ್ಕೆ ಮರದಲ್ಲಿ ಕಟ್ಟುವುದರ ಮೇಲೆ ಏನು ಸಂಶೋಧನೆ ನಡೆಯುತ್ತಿದೆ?

ದೊಡ್ಡ ಬದಲಾವಣೆ 1990ರ ದಶಕದಲ್ಲಿ ಆಸ್ಟ್ರಿಯಾ, ಜರ್ಮನಿಗಳಲ್ಲಿ ಆಯಿತು. ಹಲಗೆಗಳನ್ನು ಒಂದು ಪದರ ಉದ್ದಕ್ಕೆ, ಮೇಲಿನದು ಅಡ್ಡಕ್ಕೆ ಹೀಗೆ ಅಂಟಿಸಿ ಗೋಡೆಯಷ್ಟು ದೊಡ್ಡ ಫಲಕ ಮಾಡುವುದು. ಮರ ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ, ಅಡ್ಡಕ್ಕೆ ಕುಗ್ಗುವುದು ಹೆಚ್ಚು, ಉಂಗುರದ ಗುಂಟ ಇನ್ನೂ ಹೆಚ್ಚು. ಅಡ್ಡ ಪದರ ಆ ಚಲನೆಯನ್ನು ಹಿಡಿದಿಡುತ್ತದೆ. ನಾರ್ವೆಯಲ್ಲಿ 2019ರಲ್ಲಿ 85.4 ಮೀಟರ್ ಎತ್ತರದ 18 ಅಂತಸ್ತು, ಅಮೆರಿಕದ ಮಿಲ್ವಾಕಿಯಲ್ಲಿ 2022ರಲ್ಲಿ 25 ಅಂತಸ್ತು ಬಹುಪಾಲು ಮರದ ಬಲದ ಮೇಲೆ ನಿಂತಿವೆ. ಒಣಗಿದ ಮರದ ತೂಕದಲ್ಲಿ ಅರ್ಧದಷ್ಟು ಇಂಗಾಲ, ಅದು ಕಟ್ಟಡ ಇರುವವರೆಗೆ ಅಲ್ಲೇ ಇರುತ್ತದೆ ಎಂಬುದು ಆಸಕ್ತಿಗೆ ಒಂದು ಕಾರಣ.

ಬೆಂಕಿಯ ಭಯ ಎಲ್ಲರೂ ಕೇಳುತ್ತಾರೆ. ದಪ್ಪ ತೊಲೆ ಹೊರಗಿನಿಂದ ಕರಕಲಾಗುತ್ತ ಹೋಗುತ್ತದೆ, ಆ ಕರಕಲೇ ಒಳಗಿನದನ್ನು ಕಾಯುತ್ತದೆ. ಯುರೋಪಿನ ಕಟ್ಟಡ ಸಂಹಿತೆ ಈ ಕರಕಲಾಗುವ ವೇಗವನ್ನು ಗಟ್ಟಿಮರಕ್ಕೆ ನಿಮಿಷಕ್ಕೆ ಸುಮಾರು 0.5 ಮಿ.ಮೀ., ಮೆದುಮರಕ್ಕೆ 0.65 ಮಿ.ಮೀ. ಎಂದು ಲೆಕ್ಕ ಹಿಡಿಯುತ್ತದೆ. ಅಂದರೆ ಅರ್ಧ ಗಂಟೆಗೆ ಗಟ್ಟಿಮರದ ತೊಲೆ ಒಂದೊಂದು ಬದಿಯಲ್ಲಿ ಒಂದೂವರೆ ಸೆಂಟಿಮೀಟರ್ ಕಳೆದುಕೊಳ್ಳುತ್ತದೆ. ತೆಳು ಹಲಗೆ, ರೀಪುಗಳಿಗೆ ಈ ಧೈರ್ಯ ಹೇಳಲಾರೆ.

ಅದೆಲ್ಲ ಮಲೆನಾಡಿಗೆ ಒಗ್ಗುತ್ತದೆಯೇ?

ನಮ್ಮ ಶತ್ರು ಬೆಂಕಿಗಿಂತ ನೀರು ಮತ್ತು ಗೆದ್ದಲು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗಿಂತ ಹೆಚ್ಚು ಮಳೆ. ಮರದ ತೇವ ಶೇ 20ರ ಒಳಗಿದ್ದರೆ ಕೊಳೆಸುವ ಬೂಷ್ಟು ಬೆಳೆಯಲಾರದು, ದಾಟಿದರೆ ಅದಕ್ಕೆ ಹಾದಿ ಬಿಟ್ಟಂತೆ. ಹಿಂದಿನವರು ಇದಕ್ಕೆ ಕಂಡುಕೊಂಡ ಉಪಾಯ ಮೂರು: ಕಂಬದ ಕೆಳಗೆ ಕಲ್ಲು, ಗೋಡೆಯಿಂದ ಉದ್ದಕ್ಕೆ ಚಾಚಿದ ಮಾಡು, ಮತ್ತು ಒಲೆಯ ಹೊಗೆ. ಈಗ ಒಲೆ ಹೋಗಿ ಗ್ಯಾಸ್ ಬಂದಿದೆ, ಅಟ್ಟಕ್ಕೆ ಹೊಗೆ ಏರುವುದಿಲ್ಲ. ಚೆನ್ನಾಗಿದ್ದ ತೊಲೆಗಳಿಗೆ ಈಚೆಗೆ ಮರ ಕೊರೆಯುವ ಕುಟ್ಟೆ ಹುಳ ಹಿಡಿಯುತ್ತಿರುವುದಕ್ಕೆ ಇದೂ ಕಾರಣವೆಂದು ನನ್ನ ಊಹೆ. ಯಾರಾದರೂ ಹತ್ತು ಮನೆಯಲ್ಲಿ ಎರಡು ಮಳೆಗಾಲ ತೇವ ಅಳೆದು ನೋಡಬೇಕು. ಒಳ್ಳೆಯ ಪಿಎಚ್.ಡಿ. ಆದೀತು.

ಮನೆ ಕೆಡವಬೇಕಾಗಿ ಬಂದಿದೆ. ಮೊದಲು ಏನು ಮಾಡಬೇಕು?

ಅನಿವಾರ್ಯ ಎಂದಾದರೆ ತಡೆಯಲು ನಾನು ಯಾರೂ ಅಲ್ಲ. ಲಾರಿ ಬರುವ ಹಿಂದಿನ ದಿನ ಒಂದು ಹಗಲು ಬಿಡುವು ಮಾಡಿಕೊಳ್ಳಿ. ನನ್ನ ಅಜ್ಜಯ್ಯ ಕಟ್ಟಿದ್ದೆಂದು ಮನೆಯಲ್ಲಿ ಹೇಳುತ್ತಿದ್ದ ಒಂದು ಮನೆಯನ್ನು ನೋಡಲು ನಾನು ಹೋದದ್ದು ಒಂದು ವಾರ ತಡವಾಗಿ. ಹಿತ್ತಿಲಲ್ಲಿ ಬೆಣೆಗಳ ಒಂದು ರಾಶಿ ಬಿದ್ದಿತ್ತು. ಎರಡನ್ನು ಜೇಬಿಗೆ ಹಾಕಿಕೊಂಡು ಬಂದೆ, ಯಾವ ಕಂಬದವೋ ತಿಳಿಯದು.

ನೆಲದ ನಕ್ಷೆ ಒಂದು ಹಾಳೆಯಲ್ಲಿ ಕೈಯಿಂದಲೇ ಬರೆದು ಪ್ರತಿ ಕಂಬ, ತೊಲೆಗೆ ಸಂಖ್ಯೆ ಕೊಡಿ. ಅದೇ ಸಂಖ್ಯೆಯನ್ನು ಸೀಮೆಸುಣ್ಣದಿಂದ ಮರದ ಮೇಲೆ ಬರೆದು ಫೋಟೊ ತೆಗೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಇರಲಿ, ಬೆಳಕು ಅಡ್ಡಡ್ಡ ಬೀಳಲಿ. ಬಿಚ್ಚುವಾಗ ಒಳಮುಖಗಳನ್ನು, ತೂತುಗಳನ್ನು, ಅವುಗಳೊಳಗೆ ಕೂರುವ ನಾಲಿಗೆಗಳನ್ನು ಮತ್ತೆ ಫೋಟೊ ತೆಗೆಯಿರಿ. ಅಟ್ಟದಲ್ಲಿ ಓಲೆ ಕಟ್ಟು ಸಿಕ್ಕಿದರೆ ದಾರ ಬಿಚ್ಚಬೇಡಿ, ಒದ್ದೆ ಬಟ್ಟೆ ಮುಟ್ಟಿಸಬೇಡಿ, ಬಿಸಿಲಿಗೆ ಇಡಬೇಡಿ. ಹತ್ತಿ ಬಟ್ಟೆಯಲ್ಲಿ ಸುತ್ತಿ ಓಲೆಗಳನ್ನು ಕಾಪಾಡುವ ಸಂಸ್ಥೆಗೆ ತೋರಿಸಿ. ಮನೆಯ ಹಿರಿಯರನ್ನು ಕೂರಿಸಿಕೊಂಡು, ಯಾವ ಊರಿನ ಆಚಾರ್ರು ಬಂದಿದ್ದರು, ಎಷ್ಟು ತಿಂಗಳು ಉಳಿದಿದ್ದರು, ಎಲ್ಲಿ ಮಲಗುತ್ತಿದ್ದರು ಎಂದು ಕೇಳಿ, ಮೊಬೈಲಿನಲ್ಲಿ ಧ್ವನಿ ಹಿಡಿದುಕೊಳ್ಳಿ. ಒಂದು ಬೆಣೆಯನ್ನು, ಅದು ಯಾವ ಸಂಖ್ಯೆಯ ಕಂಬದ್ದು ಎಂದು ಚೀಟಿ ಕಟ್ಟಿ, ತೆಗೆದಿಡಿ.